ಗಸಿ ಬಿದ್ದ ಭರಣಿ

ಬಾಟಲಿಗೆ ಬಾಯಿ ಹಚ್ಚಿ ಕುಡಿಯುವವರನ್ನು ಕಂಡರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ನಮ್ಮ ಮನೆಯಲ್ಲಿ ನೀರು ಕುಡಿಯುವುದೆಂದರೆ ಲೋಟವನ್ನು ಮೇಲೆತ್ತಿ, ತುಟಿಗೆ ತಾಗಿಸದೆ ಗಂಟಲಿಗೆ ಸುರಿದುಕೊಳ್ಳುವುದು. ಚಿಕ್ಕಂದಿನಲ್ಲಿ ಒಮ್ಮೆ ಅವಸರಕ್ಕೆ ಲೋಟ ಕಚ್ಚಿ ಕುಡಿದಿದ್ದೆ. ನನ್ನ ತಾಯಿ, ಅಂದರೆ ಆಯಿ, ಆ ಲೋಟವನ್ನು ನನ್ನ ಕೈಗೇ ಕೊಟ್ಟು, ಹುಣಸೆಹಣ್ಣು, ಬೂದಿ ಹಾಕಿಸಿ ಮೂರು ಸಲ ತಿಕ್ಕಿಸಿದ್ದಳು. ಎಂಜಲು ಎಂಬುದು ನಮಗೆ ಕೊಳೆಗಿಂತ ಕೆಟ್ಟದ್ದು, ಕೊಳೆಯನ್ನಾದರೂ ತೊಳೆಯಬಹುದು. ಅಂಥ ಮನೆಯಲ್ಲಿ ಹುಟ್ಟಿದ ನಾನು ಯಾರೋ ಕುಡಿದುಳಿಸಿದ ಬಾಟಲಿಯ ತಳದ ಗಸಿಯನ್ನು ಕೈಯಾರೆ ಸುರಿದೆ. ಒಂದಲ್ಲ, ಎರಡು ಬಾಟಲಿಯದು. ಇದನ್ನು ಬರೆಯಲು ಕೂತಾಗಲೂ ಎದ್ದು ಹೋಗಿ ಕೈ ತೊಳೆದುಕೊಂಡು ಬಂದಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಿರಸಿಯ ಒಂದು ಕಾಲೇಜಿನಲ್ಲಿ, ರಸಾಯನಶಾಸ್ತ್ರದ ಲ್ಯಾಬಿಗೆ ನಾನು ಹಂಗಾಮಿ ಅಟೆಂಡರ್. ಗಾಜಿನ ನಳಿಕೆ ತೊಳೆಯುವುದು, ಆಸಿಡ್ಡಿನ ಬಾಟಲಿಗೆ ಚೀಟಿ ಅಂಟಿಸುವುದು, ಹುಡುಗರು ಒಡೆದದ್ದನ್ನು ಗುಡಿಸುವುದು. ಆ ವಿಭಾಗಕ್ಕೆ ಒಬ್ಬ ಉಪನ್ಯಾಸಕರಿದ್ದರು, ಹಾವೇರಿ ಕಡೆಯವರು, ಮದುವೆಯಾಗಿರಲಿಲ್ಲ. ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಆಡಳಿತ ಮಂಡಳಿಯವರು ಕೇಳುವುದು ಅವರನ್ನೇ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗಾಗಿ ಅವರು ಕರೆದಲ್ಲಿಗೆ ಹೋಗುತ್ತಿದ್ದೆ, ಕೊಟ್ಟ ಕೆಲಸ ಮಾಡುತ್ತಿದ್ದೆ, ಹೇಳಿದ ಜೋಕಿಗೆ ನಗುತ್ತಿದ್ದೆ.

ಅವರಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಅಂಗಡಿಯಲ್ಲಿ ಸಿಗುವುದನ್ನು ಕೊಂಡು ಕುಡಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವರಿಗೆ ಬೇಕಾದದ್ದು ಕುಡಿಯುವ ಸುಖವಲ್ಲ, ಮಾಡುವ ಹೆಮ್ಮೆ. ಕಾಯಿಲೆಯವರಿಗೆಂದು ಕಿರಾಣಿ ಅಂಗಡಿಯಲ್ಲಿ ಇಡುವ ಬಾರ್ಲಿ ತಂದು, ಗೋಣಿಚೀಲದಲ್ಲಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ತರಿಯಾಗಿ ಬೀಸಿಸಿ, ಬಿಸಿನೀರಲ್ಲಿ ನೆನೆಸಿ, ಸೋಸಿ ಕುದಿಸುತ್ತಿದ್ದರು. ಕಹಿಗೆ ಏನು ಹಾಕುವುದು? ಆಯುರ್ವೇದದ ಅಂಗಡಿಯಿಂದ ಜ್ವರಕ್ಕೆ ಕೊಡುವ ಕಿರಾತಕಡ್ಡಿ ತರಿಸಿದರು. ಹುಳಿ ಬರಿಸಲು ಬೇಕರಿಯವನ ಯೀಸ್ಟ್. ಕೊನೆಗೆ ಆಗುತ್ತಿದ್ದದ್ದು ನೆನೆದ ಬ್ರೆಡ್ಡಿನ ವಾಸನೆಯ, ಜ್ವರದ ಕಷಾಯದ ರುಚಿಯ ನೀರು. ನನಗೂ ಅರ್ಧ ಲೋಟ ಕೊಡುತ್ತಿದ್ದರು. ಕಾಯಂ ಆಗುವ ಆಸೆಗೆ ಅದನ್ನೂ ನುಂಗಿದೆ.

ಅವರ ಬಾಡಿಗೆಮನೆಯ ಯಜಮಾನರಿಗೆ ವಾಸನೆ ಹೋಯಿತು. ಅವರು ಪ್ರಶ್ನೆ ಕೇಳತೊಡಗಿದ ಮೇಲೆ ಬಿಯರಿನ ಪ್ಲಾಸ್ಟಿಕ್ ಕ್ಯಾನು ಸಿದ್ದಾಪುರ ರಸ್ತೆಯಲ್ಲಿದ್ದ ನಮ್ಮ ಮನೆಯ ಹಿಂದಿನ ಸೌದೆಕೊಟ್ಟಿಗೆಗೆ ಬಂತು. ಆಯಿಗೆ ‘ಕಾಲೇಜಿನ ಪ್ರಯೋಗ, ವಿನೆಗರ್ ಮಾಡುವುದು’ ಎಂದು ಸುಳ್ಳು ಹೇಳಿದೆ. ನನ್ನ ಹೆಂಡತಿಗೂ ಅದನ್ನೇ ಹೇಳಿದೆ. ಅವಳು ಯಲ್ಲಾಪುರ ತಾಲೂಕಿನ ಉಮ್ಮಚಗಿ ಕಡೆಯವಳು, ನಮ್ಮ ಮನೆಗೆ ಬಂದು ಎರಡನೇ ವರ್ಷ. ಆಯಿ ಮೂಗಿಗೆ ಸೆರಗು ಹಿಡಿದು, “ಎಂತ ಪ್ರಯೋಗನೇನ, ಸತ್ತ ಇಲಿ ನಾತ ಬತ್ತು” ಎಂದು ಹೇಳಿ ಒಳಗೆ ಹೋದಳು.

ಆ ವರ್ಷದ ಕ್ರಿಸ್‌ಮಸ್ ರಜೆಗೆ ಉಪನ್ಯಾಸಕರು ಗೋಕರ್ಣಕ್ಕೆ ಹೋದರು. ಅಲ್ಲಿನ ಕಡಲ ದಂಡೆಯಲ್ಲಿ ಒಬ್ಬ ವಿದೇಶಿಯವನ ಪರಿಚಯವಾಯಿತಂತೆ. ಅವನೂ ತನ್ನ ಊರಲ್ಲಿ ಮನೆಯಲ್ಲೇ ಬಿಯರ್ ಮಾಡುವವನಂತೆ. ತಾನು ಮಾಡಿದ್ದೊಂದು ಬಾಟಲಿಯನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದನಂತೆ. ಇಬ್ಬರೂ ಸೇರಿ, ಒಂದೇ ಬಾಟಲಿಗೆ ಸರದಿಯ ಮೇಲೆ ಬಾಯಿಟ್ಟು ಕುಡಿದರಂತೆ. ಇದನ್ನು ಸ್ವತಃ ಅವರೇ ಹೇಳಿದ್ದು, ಅದೂ ಸಂತೋಷದಿಂದ. ತಳದಲ್ಲಿ ಎರಡು ಬೆರಳಿನಷ್ಟು ಉಳಿಸಿ, ಬಿರಡೆ ಒತ್ತಿ, ಬನಿಯನ್ನಿನಲ್ಲಿ ಸುತ್ತಿ ಶಿರಸಿಗೆ ತಂದಿದ್ದರು.

“ಬರ್ರಿ ಇಲ್ಲೆ,” ಎಂದು ಕರೆದು ಬಾಟಲಿಯನ್ನು ಬೆಳಕಿಗೆ ಹಿಡಿದರು. “ತಳದಾಗ ಬೆಳ್ಳಗ ಕುಂತೈತಿ ನೋಡ್ರಿ. ಇದು ಹೊಲಸಲ್ರಿ. ಇದರಾಗ ಜೀವ ಐತಿ. ಬೇಕರಿ ಯೀಸ್ಟು ಸಾಕಿದ ದನ ಇದ್ದಂಗ. ಇದು ಕಾಡಿನದು. ಇದನ್ನ ನಮ್ಮ ಕ್ಯಾನಿನಾಗ ಹಾಕಿದ್ರ, ರುಚಿ ಅಂದ್ರ ಏನು ಅಂತ ಗೊತ್ತಾಕ್ಕೈತಿ.”

ನಾನು ನೋಡಿದೆ. ಕಲಸಿದ ಸುಣ್ಣದಂಥದ್ದು, ಅದರ ಮೇಲೆ ಕಂದು ನೀರು. ಬಾಟಲಿಯ ಬಾಯಿಯ ಸುತ್ತ ಒಣಗಿದ ಕಲೆ. ಅದು ಯಾರ ತುಟಿಯದು, ಇವರದೋ ಅವನದೋ ಎಂಬ ಯೋಚನೆ ಬಂದದ್ದೇ ತಡ, ಬಾಯಲ್ಲಿ ನೀರು ಒಡೆಯಿತು. ಹಸಿವಿನದಲ್ಲ, ವಾಂತಿಗೆ ಮುಂಚೆ ಬರುವಂಥದ್ದು. ಅವರು ಅಷ್ಟರಲ್ಲಿ ಬಾಟಲಿಯನ್ನು ನನ್ನ ಕೈಗಿಟ್ಟಿದ್ದರು.

“ನಾ ಊರಿಗೆ ಹೊಂಟೇನಿ, ತಮ್ಮನ ಮದುವಿ. ಬರೂದು ಹದಿನೈದು ದಿನ ಆಗತೈತಿ. ಇದನ್ನ ಇವತ್ತ ಸುರುವಿಬಿಡ್ರಿ. ಬಾಟ್ಲಿ ತೊಳೀಬ್ಯಾಡ್ರಿ, ಏನೂ ಬೆರಸಬ್ಯಾಡ್ರಿ. ಹಂಗs ಅಲುಗಾಡಿಸಿ ಸುರುವ್ರಿ.”

ಹೂಂ ಎಂದು ತಂದೆ. ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ತೂಗಿಸಿಕೊಂಡು, ಚೀಲ ಮೊಣಕಾಲಿಗೆ ತಾಗದ ಹಾಗೆ ಕಾಲು ಅಗಲಿಸಿ ತುಳಿಯುತ್ತ ಮನೆಗೆ ಬಂದೆ. ಸೌದೆಕೊಟ್ಟಿಗೆಯಲ್ಲಿ ಬಿರಡೆ ತೆಗೆದೆ. ಹಳೆಯ ಒದ್ದೆ ಕಂಬಳಿ, ಹುಳಿ ಮಜ್ಜಿಗೆ, ಅದರ ಜೊತೆ ಇನ್ನೇನೋ ಒಂದು ಸೇರಿದ ವಾಸನೆ ಬಂತು. ಕ್ಯಾನಿನಲ್ಲಿದ್ದದ್ದು ಹೇಳಿಕೇಳಿ ನನ್ನ ಕೈಯಿಂದಲೇ ಬೀಸಿದ, ಸೋಸಿದ, ಕುದಿಸಿದ ಪದಾರ್ಥ. ಇಷ್ಟವಿರಲಿ ಇಲ್ಲದಿರಲಿ, ಅದು ಶುದ್ಧವಾಗಿತ್ತು. ಅದಕ್ಕೆ ಇಬ್ಬರು ಗಂಡಸರ ಜೊಲ್ಲು ಬೆರೆಸಬೇಕಿತ್ತು. ನಾಳೆ ಅದನ್ನು ಲೋಟಕ್ಕೆ ಹಾಕಿ ನನಗೂ ಕೊಡುತ್ತಾರೆ, ನಾನು ಕುಡಿದು ‘ಚಲೋ ಇದೆ ಸರ್’ ಎನ್ನಬೇಕು.

ಆಗ ನಾನು ಮಾಡಿದ್ದು ನಮ್ಮಂಥವರು ಮಾತ್ರ ಮಾಡುವ ಕೆಲಸ. ಗಸಿಯನ್ನು ಸಣ್ಣ ಪಾತ್ರೆಗೆ ಬಗ್ಗಿಸಿ, ಹಿತ್ತಲಿನ ಮೂರು ಕಲ್ಲಿನ ಒಲೆಯ ಮೇಲಿಟ್ಟು, ಚೆನ್ನಾಗಿ ಕುದಿಸಿದೆ. ನಮ್ಮಲ್ಲಿ ಬೆಂಕಿ ತಾಗಿದರೆ ಮುಗಿಯಿತು, ಯಾವ ಮೈಲಿಗೆಯೂ ಉಳಿಯುವುದಿಲ್ಲ. ಕುದ್ದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಆರಿಸಿ ಕ್ಯಾನಿಗೆ ಸುರಿದೆ. ಪಾತ್ರೆಯನ್ನು ಮತ್ತೆ ಮನೆಯೊಳಗೆ ತರದೆ ಗಿಡದ ಬುಡಕ್ಕೆ ನೀರು ಹಾಕಲು ಇಟ್ಟೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಐದು ವರ್ಷ ಕೆಲಸ ಮಾಡಿದವನಿಗೆ, ಕುದಿಸಿದರೆ ಆ ಜೀವ ಸಾಯುತ್ತದೆ ಎಂಬುದು ಹೊಳೆಯಲಿಲ್ಲ. ಹೊಳೆದದ್ದು ಐದಾರು ದಿನಗಳ ನಂತರ. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಮೊದಲಿನದೇ ಬ್ರೆಡ್ಡು, ಅದೇ ಕಷಾಯ. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ.

ಸತ್ಯ ಹೇಳಬಹುದಿತ್ತು. ‘ಸರ್, ಎಂಜಲೆಂದು ಕುದಿಸಿದೆ’ ಎಂದರೆ ಅವರು ಬೈಯುತ್ತಿದ್ದರು, ಲ್ಯಾಬಿನಲ್ಲಿ ಎಲ್ಲರೆದುರು ಹೇಳಿ ನಗುತ್ತಿದ್ದರು, ಅಷ್ಟೇ. ಆದರೆ ಕಾಯಂ ಆಗುವ ಕಡತ ಆಗ ತಾನೇ ಮೇಲೆ ಹೋಗಿತ್ತು. ಹೆದರಿಕೆಯಾಯಿತು. ಕಾಡಿನ ಯೀಸ್ಟ್ ಬೇಕು, ಅಲ್ಲವೇ? ನಮ್ಮಲ್ಲಿ ಕಾಡಿಗೇನು ಕೊರತೆ ಎಂದುಕೊಂಡು ಒಂದು ಭಾನುವಾರ ಸಿದ್ದಾಪುರದ ಬಸ್ಸು ಹತ್ತಿದೆ.

ಸಿದ್ದಾಪುರದಿಂದ ಇನ್ನೂ ಒಳಗೆ, ಘಟ್ಟದ ಅಂಚಿನ ಒಂದು ಊರಲ್ಲಿ ಬೈನೆ ಮರದ ಕಳ್ಳು ಇಳಿಸುವವನೊಬ್ಬನಿದ್ದ. ನಾನು ಹೋದಾಗ ಅವನ ಅಂಗಳದಲ್ಲಿ ನಾಲ್ಕೈದು ಜನ ಕೂತು ಮುಗಿಸಿದ್ದರು. ಹೊಸ ಕಳ್ಳು ಖಾಲಿಯಾಗಿತ್ತು. “ತಳದ್ದು ಅದೆ, ಅದು ಆಗ್ತದಾ?” ಎಂದು ಕೇಳಿದ. ಆಗುತ್ತದೆ, ನನಗೆ ಬೇಕಾದದ್ದೇ ಅದು ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಜನಿವಾರದವನಂತೆ ಕಾಣುವ ಗಂಡಸೊಬ್ಬ ಬಸ್ಸು ಹಿಡಿದು ಬಂದು ಕಳ್ಳಿನ ಗಸಿ ಕೇಳುತ್ತಾನೆಂದರೆ ಅವನಿಗೂ ಹೇಸಿಗೆಯಾಗಿರಬೇಕು. ಕುಡಿದವರ ಬಾಟಲಿಗಳಲ್ಲಿ ಉಳಿದದ್ದನ್ನೆಲ್ಲ ಒಂದಕ್ಕೆ ಬಗ್ಗಿಸಿ ಕೊಟ್ಟ. ಅದರಲ್ಲಿ ಇರುವೆಗಳು ತೇಲುತ್ತಿದ್ದವು, ಒಂದು ಜೇನುಹುಳವೂ ಇತ್ತು. ಕೂತು ಕುಡಿದವರಲ್ಲಿ ಒಬ್ಬನ ಬಾಯಿ ಎಲೆಯಡಿಕೆಯಿಂದ ಕೆಂಪಾಗಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಬಾಟಲಿಯೊಂದರ ಬಾಯಿಯ ಮೇಲೂ ಅದೇ ಕೆಂಪು ಇತ್ತು.

ಬಸ್ಸಿನಲ್ಲಿ ಆ ಬಾಟಲಿ ಬಿರಡೆಯನ್ನು ದೂಡಿ ದೂಡಿ ಉಸಿರು ಬಿಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು. ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಈ ಸಲ ಕುದಿಸಲಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು ಕ್ಯಾನಿಗೆ ಸುರಿದೆ. ಮೂರನೆಯ ದಿನ ಸೌದೆಕೊಟ್ಟಿಗೆಗೆ ಹೋದರೆ ಕ್ಯಾನು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಹಳೆಯ ಕ್ಯಾನು, ಕೆಳಗಿನ ಮೂಲೆಯಲ್ಲಿ ಬಿರುಕು ಬಿಟ್ಟು ಕಂದು ನೊರೆ ಸೌದೆಯ ಮೇಲೆ ಹರಿಯುತ್ತಿತ್ತು. ಅದನ್ನು ಹಾಕಲು ದೊಡ್ಡ ಪಾತ್ರೆ ಬೇಕು, ಅದೂ ತಕ್ಷಣ. ಹುಳಿಗೆ ಹಿತ್ತಾಳೆ ಆಗದು, ಅಲ್ಯೂಮಿನಿಯಂ ಆಗದು, ಅಷ್ಟು ದೊಡ್ಡ ಸ್ಟೀಲು ಮನೆಯಲ್ಲಿಲ್ಲ. ಆಯಿ ಆ ವಾರ ಸಿದ್ದಾಪುರದ ನನ್ನ ಅಕ್ಕನ ಮನೆಗೆ ಹೋಗಿದ್ದಳು. ಉಗ್ರಾಣದ ಮೂಲೆಯಲ್ಲಿ, ಮಣೆಯ ಮೇಲೆ ಅವಳ ಉಪ್ಪಿನಕಾಯಿಯ ಮೂರು ಭರಣಿಗಳಿದ್ದವು.

ಆ ಭರಣಿಗಳ ವಿಷಯ ಹೇಳಲೇಬೇಕು. ಆಯಿಯ ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮ ನೆಂಟರಿಷ್ಟರಲ್ಲೆಲ್ಲ ಹೆಸರಾದದ್ದು. ನಾಲ್ಕು ವರ್ಷ ಇಟ್ಟರೂ ಮಿಡಿ ಕಚ್ಚಿದರೆ ಕಟುಕ್ಕೆನ್ನುತ್ತಿತ್ತು. ಅದರ ಹಿಂದಿನ ಕಟ್ಟುನಿಟ್ಟು ಮನೆಯವರಿಗೆ ಮಾತ್ರ ಗೊತ್ತು. ಹಿಂದಿನ ವರ್ಷದ ಉಪ್ಪಿನಕಾಯಿ ಮುಗಿದ ಭರಣಿಯನ್ನು ಬಿಸಿನೀರಲ್ಲಿ ತೊಳೆದು, ಎಂಟು ದಿನ ಬಿಸಿಲಿಗಿಟ್ಟು, ಒಳಗೆ ಕೈ ಹಾಕಿ ನೋಡಿ, ಬಾಯಿಗೆ ಬಿಳಿಬಟ್ಟೆ ಕಟ್ಟಿ ಇಡುತ್ತಿದ್ದಳು. ಬಟ್ಟೆ ಬಿಚ್ಚುವುದು ಮಿಡಿ ತುಂಬುವ ದಿನವೇ. ಒಂದು ಹನಿ ನೀರು ತಾಗಬಾರದು. ತಿಂಗಳ ಮುಟ್ಟಿನ ಮೂರು ದಿನ ನಮ್ಮಲ್ಲಿ ಹೆಂಗಸರು ಹೊರಗೆ ಕೂರುತ್ತಿದ್ದರು. ಆಗಂತೂ ಭರಣಿಯಿದ್ದ ಕೋಣೆಯ ಕಡೆ ಅವರ ನೆರಳೂ ಬೀಳುವಂತಿರಲಿಲ್ಲ.

ಇದೆಲ್ಲ ಗೊತ್ತಿದ್ದೂ, ಖಾಲಿಯಿದ್ದ ಕೊನೆಯ ಭರಣಿಯ ಬಟ್ಟೆ ಬಿಚ್ಚಿದೆ. ಅದನ್ನು ಹೊತ್ತು ತಂದು, ಬಾಯಿಯವರೆಗೆ ಆ ನೊರೆ ತುಂಬಿಸಿದೆ.

ಉಪನ್ಯಾಸಕರು ಊರಿನಿಂದ ಬಂದವರೇ ಸೌದೆಕೊಟ್ಟಿಗೆಗೆ ಬಂದರು. ಭರಣಿಯ ಮೇಲೆ ಬೆಳ್ಳನೆಯ ಸುಕ್ಕು ಸುಕ್ಕಾದ ಪೊರೆ ಕಟ್ಟಿತ್ತು. ಅದನ್ನು ಬೆರಳಿನಿಂದ ಸರಿಸಿ, ಲೋಟ ಅದ್ದಿ, ಕುಡಿದು, ಕಣ್ಣು ಮುಚ್ಚಿದರು. “ಅಬಬಾ! ಇದು ನೋಡ್ರಿ ರುಚಿ! ಅಂವಾ ಸುಳ್ಳ ಹೇಳಲಿಲ್ಲ. ಹಿಂಗs ಇತ್ತು, ಅವನ ಬಾಟ್ಲಿ ಹಿಂಗs ಇತ್ತು!” ಎಂದರು. ನನಗೂ ಒಂದು ಲೋಟ ಬಂತು. ನಾಲಿಗೆಗೆ ತಾಗಿದ್ದೇ ನನಗೆ ಆ ಅಂಗಳ, ಆ ಕೆಂಪು ಬಾಯಿ, ತೇಲುವ ಇರುವೆ ಎಲ್ಲ ಒಟ್ಟಿಗೇ ಕಂಡವು. ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಹಿಂದಿರುಗಿ ಬಂದು, “ಚಲೋ ಇದೆ ಸರ್, ಸ್ವಲ್ಪ ಜೋರಾಯ್ತು” ಎಂದೆ. ಘಟ್ಟದ ಅಂಚಿನವರ ಎಂಜಲನ್ನು ವಿದೇಶಿಯವನದೆಂದು ಇವರು ಚಪ್ಪರಿಸುತ್ತಿದ್ದಾರಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ಆ ಲೋಟಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಅವರು ಬೇಕಾದಷ್ಟನ್ನು ಬಾಟಲಿಗೆ ತುಂಬಿಸಿಕೊಂಡು ಹೋದರು. ಉಳಿದದ್ದನ್ನು ಗಟಾರಕ್ಕೆ ಚೆಲ್ಲಿದೆ. ಮರುದಿನ ಮುಂಜಾನೆಯ ಬಸ್ಸಿಗೆ ಆಯಿ ಬರುವುದಿತ್ತು. ಭರಣಿಯನ್ನು ಬಾವಿಕಟ್ಟೆಗೆ ಒಯ್ದು, ನಾಲ್ಕು ಕೊಡ ನೀರು ಹಾಕಿ ತೊಳೆದು, ಬೋರಲು ಹಾಕಿ, ಬಗ್ಗಿ ಮೂಸಿದೆ. ವಾಸನೆಯಿಲ್ಲ ಎಂದುಕೊಂಡೆ. ನನ್ನ ಮೂಗು ಅಷ್ಟರಲ್ಲಿ ಅದಕ್ಕೆ ಒಗ್ಗಿಹೋಗಿತ್ತು. ಬಿಸಿಲಿಗಿಡಲು ಹೊತ್ತಿರಲಿಲ್ಲ. ಒಳಗೆ ಇನ್ನೂ ತೇವವಿದ್ದಂತೆಯೇ ಅದೇ ಬಿಳಿಬಟ್ಟೆಯನ್ನು ಮೊದಲಿನ ಹಾಗೇ ಕಟ್ಟಿ ಮಣೆಯ ಮೇಲಿಟ್ಟೆ.

ಮಾರ್ಚಿನಲ್ಲಿ ಮಿಡಿ ಬಂತು. ಸಿದ್ದಾಪುರದ ಕಡೆ ಹೊಳೆಯಂಚಿನ ಒಂದು ಮರದ್ದು. ಅದರ ತೊಟ್ಟು ಮುರಿದರೆ ಇಡೀ ಮನೆ ಘಮ್ಮೆನ್ನುವಂಥದ್ದು, ಆ ಮರ ವರ್ಷ ಬಿಟ್ಟು ವರ್ಷ ಬಿಡುತ್ತಿತ್ತು. ಬೇರೆ ಮಿಡಿಯಿಂದ ಎರಡು ಭರಣಿಗಳನ್ನು ಮೊದಲೇ ತಾನೊಬ್ಬಳೇ ತುಂಬಿದ್ದ ಆಯಿ, ಆ ಮಿಡಿಯನ್ನು ಬೇರೆಯಾಗಿ ಆರಿಸಿ ಕೊನೆಯ ಭರಣಿಗೆ ಹಾಕಿದಳು. ನನ್ನ ಹೆಂಡತಿ ಒಂದೊಂದೇ ಮಿಡಿಯನ್ನು ಒಣಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದಳು, ಆಯಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಎಂದು ಹಾಸುತ್ತಿದ್ದಳು. ಹೆಂಡತಿಗೆ ಆ ಕೆಲಸಕ್ಕೆ ಕರೆ ಬಂದದ್ದು ಅದೇ ಮೊದಲು. ಅವಳ ಮುಖದಲ್ಲಿ ಸಂಭ್ರಮವಿತ್ತು. ಇಬ್ಬರೂ ನಗುತ್ತ ಮಾತಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಭರಣಿ ಬೇಡ ಎಂದು ಹೇಳಲು ಒಂದೇ ಒಂದು ಮಾತು ಸಾಕಿತ್ತು. ಏನಾಗುತ್ತದೆ ಮಹಾ, ಅಷ್ಟು ಉಪ್ಪು ಬೀಳುತ್ತದೆ ಎಂದುಕೊಂಡು ಕಾಲೇಜಿಗೆ ಹೋದೆ.

ಮಸಾಲೆ ಬೆರೆಸುವ ದಿನ ಆಯಿ ಮೂರೂ ಭರಣಿಯ ಬಟ್ಟೆ ಬಿಚ್ಚಿದಳು. ಎರಡರಲ್ಲಿ ಮಿಡಿ ಸರಿಯಾಗಿ ಚಿರುಟಿ, ಉಪ್ಪುನೀರು ತಿಳಿಯಾಗಿತ್ತು. ಮೂರನೆಯದರ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಾಗ ‘ಪುಸ್’ ಎಂದಿತು. ಮೇಲೆ ಬೆಳ್ಳನೆಯ ಸುಕ್ಕು ಪೊರೆ. ಕೆಳಗೆ ಮಿಡಿಗಳು ಊದಿಕೊಂಡು, ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾಗಿದ್ದವು. ವಾಸನೆ ಅಡುಗೆಮನೆಯವರೆಗೂ ಬಂತು. ಅದು ಯಾವ ವಾಸನೆ ಎಂದು ಆ ಮನೆಯಲ್ಲಿ ನನಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಆಯಿ ನೆಲದ ಮೇಲೆ ಕೂತುಬಿಟ್ಟಳು. ಅವಳ ಭರಣಿ ಕೆಟ್ಟದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ನನ್ನ ಹೆಂಡತಿಯನ್ನು ಕೇಳಿದಳು. “ಕೂಸೆ, ಮಿಡಿ ತುಂಬಿದ ದಿನ ನೀನು ಹೆರಗೆ ಆಗಿದ್ದಿದ್ಯಾ? ಖರೆ ಹೇಳು.”

“ಇಲ್ಲೆ ಅತ್ತೆ. ಆನು ಹೆರಗೆ ಆದ್ದು ಮರುದಿನ ಮಧ್ಯಾಹ್ನ.”

“ಮಧ್ಯಾಹ್ನ ನಿಂಗೆ ಗೊತ್ತಾದ್ದು. ಆದ್ದು ಯಾವಾಗ?”

“ಇಲ್ಲೆ ಅತ್ತೆ. ದೇವರಾಣೆ, ಹೆರಗೆ ಆದ್ಮೇಲೆ ಆನು ಮುಟ್ಟಿದ್ನಿಲ್ಲೆ.”

“ಬರೀ ಆ ಭರಣಿನೇ ಎಂತಕ್ಕೆ ಹಾಳಾಗವು ಹಂಗಾರೆ? ನೀನು ಕೈ ಕೊಟ್ಟಿದ್ದು ಅದಕ್ಕೇ ಅಲ್ದಾ?”

ಹೆಂಡತಿ ನನ್ನ ಕಡೆ ನೋಡಿದಳು. ನಾನು ಕಾಯಂ ಆಗಿ ಆಗ ಹದಿನೈದು ದಿನವಾಗಿತ್ತು. ಉಪನ್ಯಾಸಕರ ಹೆದರಿಕೆ ಇರಲಿಲ್ಲ. ಆಯಿಯ ಹೆದರಿಕೆಯೂ ಅಂಥದ್ದೇನಿಲ್ಲ, ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಊಟಕ್ಕೆ ಕರೆಯುತ್ತಿದ್ದಳು. ಆದರೆ ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಿತ್ತು. ಅವಳ ಬಿಳಿಬಟ್ಟೆ ಕಟ್ಟಿದ ಭರಣಿಗೆ ಕಳ್ಳು ಕುಡುಕರ ಎಂಜಲು ತುಂಬಿಸಿದೆ ಎನ್ನಬೇಕಿತ್ತು. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಬದಲಿಗೆ ಹೆಂಡತಿಯ ಪರ ವಹಿಸುವವನಂತೆ, ಮೆತ್ತಗಿನ ದನಿಯಲ್ಲಿ ಹೇಳಿದೆ: “ಹೋಗ್ಲಿ ಬಿಡು ಆಯಿ. ಇದಕ್ಕೆ ಗೊತ್ತಾಗ್ದೆ ಆಗಿಕ್ಕು.”

ಹೆಂಡತಿ ನನ್ನಿಂದ ಕಣ್ಣು ತೆಗೆದಳು. ಹಾಳಾದ ಮಿಡಿಯನ್ನು ಬುಟ್ಟಿಗೆ ತುಂಬಿ, ಹಿತ್ತಲಿನ ಕೊನೆಯಲ್ಲಿ ಗುಂಡಿ ತೋಡಿ ಹುಗಿದು ಬಂದವಳು ಅವಳೇ. ಸಂಜೆ ಅವಳ ಕೈಯಲ್ಲಿ ಗುದ್ದಲಿಯ ಬೊಬ್ಬೆ ಎದ್ದಿದ್ದು ಕಂಡೆ.

ಆಯಿ ಕೆಟ್ಟವಳಲ್ಲ. ಸೊಸೆಗೆ ಸೀರೆ ತಂದಳು, ಬಾಣಂತನ ಮಾಡಿದಳು, ಜ್ವರ ಬಂದರೆ ರಾತ್ರಿಯಿಡೀ ಕೂತಳು. ಆದರೆ ಭರಣಿಯ ವಿಷಯಕ್ಕೆ ಮಾತ್ರ ಅವಳನ್ನು ಮತ್ತೆ ಸೇರಿಸಲಿಲ್ಲ. ಮಿಡಿ ಬಂದ ದಿನ ಸಿದ್ದಾಪುರದಿಂದ ಅಕ್ಕನನ್ನು ಕರೆಸುತ್ತಿದ್ದಳು. ನೆಂಟರು ಊಟಕ್ಕೆ ಕೂತು ಉಪ್ಪಿನಕಾಯಿ ಹೊಗಳಿದರೆ, “ಆನು, ಮಗಳು ಸೇರಿ ಹಾಕಿದ್ದು. ಒಂದು ಸಲ ಇದರ ಕೈ ತಾಗಿ ಇಡೀ ಭರಣಿ ಹಾಳಾತು ಮಾರಾಯ್ತಿ” ಎಂದು ಹೇಳುತ್ತಿದ್ದಳು, ಬಡಿಸುತ್ತಿದ್ದ ಸೊಸೆಯ ಎದುರಿಗೇ. ಸಿಟ್ಟಿನಿಂದಲ್ಲ, ಮಳೆಗಾಲದ ಕತೆ ಹೇಳಿದ ಹಾಗೆ ನಗುತ್ತ. ಮಾತು ಉಮ್ಮಚಗಿಯವರೆಗೂ ಹೋಯಿತು. ಅಲ್ಲಿ ಒಂದು ಉಪನಯನದಲ್ಲಿ ಅವಳ ಸ್ವಂತ ಅತ್ತಿಗೆ, “ನೀನು ಕೋಸಂಬರಿ ಬಡಿಸು ಮಾರಾಯ್ತಿ, ಉಪ್ಪಿನಕಾಯಿ ಮುಟ್ಟಡ” ಎಂದು ಹತ್ತು ಜನರೆದುರು ಚಾಷ್ಟಿ ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಕೋಸಂಬರಿ ಬಡಿಸಿದಳು. ನಮ್ಮ ಮನೆಯ ಉಪ್ಪಿನಕಾಯಿಯನ್ನು ಅವಳು ತನ್ನ ಎಲೆಗೆ ಹಾಕಿಕೊಳ್ಳುವುದನ್ನು ಯಾವಾಗ ಬಿಟ್ಟಳೋ, ನಾನು ಗಮನಿಸಿದ್ದು ಬಹಳ ತಡವಾಗಿ.

ಉಪನ್ಯಾಸಕರು ಮದುವೆಯಾಗಿ, ಬಿಯರ್ ಹುಚ್ಚು ಬಿಟ್ಟು, ಬೇರೆ ಊರಿನ ಕಾಲೇಜಿಗೆ ಹೋದರು. ಹೋಗುವಾಗ ನನ್ನ ಕೈ ಕುಲುಕಿ, “ಆ ಒಂದು ಸಲದ ರುಚಿ ಮತ್ತ ಬರಲಿಲ್ರಿ” ಎಂದರು. ಹೊರಗೆ ಕೂರುವ ಪದ್ಧತಿ ನಮ್ಮ ಮನೆಯಲ್ಲೂ ಸಡಿಲಾಯಿತು. ಆಯಿಗೆ ವಯಸ್ಸಾಗಿ ಅಡುಗೆಗೆ ಜನ ಬೇಕಾಗುತ್ತಿದ್ದಂತೆ ಮೂರು ದಿನ ಒಂದು ದಿನವಾಯಿತು, ಆಮೇಲೆ ಯಾರೂ ಕೇಳದಂತಾಯಿತು. ಉಳಿದದ್ದು ಭರಣಿಯ ಕೋಣೆಯೊಂದೇ.

ಆ ಭರಣಿ ಕೆಟ್ಟ ಮೇಲೆ ಹುಟ್ಟಿದ ನಮ್ಮ ಮಗಳಿಗೆ ಹನ್ನೊಂದು ತುಂಬಿತ್ತು. ಆ ವರ್ಷ ಅವಳು ದೊಡ್ಡವಳಾದಳು. ಮಾರನೆಯ ದಿನ ನಾವೆಲ್ಲ ಚಹಾ ಕುಡಿಯುತ್ತ ಕೂತಿದ್ದಾಗ ಆಯಿ ಅವಳನ್ನು ಹತ್ತಿರ ಕೂರಿಸಿಕೊಂಡು, ತಲೆ ಸವರುತ್ತ ಹೇಳಿದಳು: “ಭರಣಿ ಕೋಣೆಗೆ ಮಾತ್ರ ಹೋಗಡ ಪುಟ್ಟಿ. ನಿನ್ನ ಅಮ್ಮನ ಹಾಂಗೆ ಮಾಡಿಕ್ಕಡ.”

ಮಗಳು ತಾಯಿಯನ್ನು ನೋಡಿದಳು. ತನಗೆ ಈಗ ಆದದ್ದು ಏನೋ ಕೊಳಕು, ಅಮ್ಮ ಅದರಿಂದ ಏನೋ ತಪ್ಪು ಮಾಡಿದ್ದಳು ಎಂಬ ನೋಟ. ಹೆಂಡತಿ ತಲೆ ತಗ್ಗಿಸಿ ಸೌತೆಕಾಯಿ ಹೆಚ್ಚುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು ಹೇಳಿದೆ. ಕ್ಯಾನು, ಬಾಟಲಿ, ಸಿದ್ದಾಪುರದ ಬಸ್ಸು, ಬಾವಿಕಟ್ಟೆ, ಎಲ್ಲ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಕೊನೆಗೂ ಹೇಳಿದೆನಲ್ಲ ಎಂದು ಎದೆ ಹಗುರಾಯಿತು, ನಾನು ಒಳ್ಳೆಯವನೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಹೌದು.

ಆಯಿ ಎಂಜಲಿನ ಮಾತು ಬಂದಾಗ ಮುಖ ಸಿಂಡರಿಸಿದಳು. ಆಮೇಲೆ, “ಅಯ್ಯೋ, ಅದ್ಯಾವ ಕಾಲದ್ದು ತಮಾ. ಅದೆಲ್ಲ ಯಾರಿಗೆ ನೆನಪಿದ್ದು ಈಗ?” ಎಂದು ಚಹಾದ ಲೋಟ ಎತ್ತಿದಳು.

“ಯಂಗೆ ನೆನಪಿದ್ದು” ಎಂದಳು ಹೆಂಡತಿ.

ಚೂರಿ ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಭರಣಿ ತೊಳದಿದ್ದು ಆನು ನೋಡಿದ್ದೆ. ಬಟ್ಟೆ ಹರಗ್ಲೆ ಹಿತ್ಲಿಗೆ ಬಂದಿದ್ದೆ. ಅದ್ರಲ್ಲಿ ಎಂತ ಇತ್ತು ಹೇಳಿ ಗೊತ್ತಿತ್ತಿಲ್ಲೆ. ನೀರು ತಾಗಿಸಿದ್ದು ಮಾತ್ರ ಗೊತ್ತಿತ್ತು.”

“ಹಂಗಾರೆ ಎಂತಕ್ಕೆ ಹೇಳಿದ್ದಿಲ್ಲೆ ನೀನು?” ಎಂದು ಕೇಳಿದೆ.

“ಮಿಡಿ ತುಂಬಕಾದ್ರೆ ನೀವು ಬಾಗಿಲಲ್ಲೇ ನಿಂತಿದ್ರಲಿ. ಸರಿ ಇಲ್ದೇ ಇದ್ರೆ ನೀವೇ ಹೇಳ್ತಿದ್ರಿ ಹೇಳಿ ಮಾಡಿದ್ದೆ. ಹಾಳಾದ್ಮೇಲೆ ಆನು ಹೇಳಿದ್ರೆ ಅತ್ತೆ ನಂಬ್ತಿತ್ವಾ? ಅತ್ತೆ ಕೇಳಿದ್ದಕ್ಕೆ ಯಂಗೆ ಬೇಜಾರಿಲ್ಲೆ, ಅವಕ್ಕೆ ಗೊತ್ತಿತ್ತಿಲ್ಲೆ. ನೀವು ‘ಗೊತ್ತಾಗ್ದೆ ಆಗಿಕ್ಕು’ ಹೇಳಿದ್ದು...” ಎಂದು ನಿಲ್ಲಿಸಿದಳು. ಮಗಳ ಕಡೆ ಒಮ್ಮೆ ನೋಡಿ, “ಇವತ್ತು ಹೇಳ್ತ್ರಿ, ನಾಳೆ ಹೇಳ್ತ್ರಿ ಹೇಳಿ ಒಂದು ವರ್ಷ ಕಾದೆ. ಆಮೇಲೆ ಕಾಯದು ಬಿಟ್ಟೆ” ಎಂದಳು.

ಆಮೇಲೆ ಮಗಳ ಕೈ ಹಿಡಿದುಕೊಂಡು ಎದ್ದಳು. ಇಬ್ಬರೂ ಭರಣಿಯ ಕೋಣೆಗೆ ಹೋದರು. ಆಯಿ ಚಹಾದ ಲೋಟ ಕೆಳಗಿಟ್ಟಳು. ಒಳಗಿನಿಂದ ಭರಣಿಯ ಮುಚ್ಚಳ ತೆಗೆದ ಸದ್ದು ಬಂತು. “ಹೆದರಡ, ಕೈ ಹಾಕು,” ಎಂದು ಹೆಂಡತಿ ಹೇಳಿದ್ದು ಕೇಳಿಸಿತು. “ಹಾಂ, ಇನ್ನೂ ಕೆಳಗೆ.”

ಅವರು ಹೊರಗೆ ಬಂದಾಗ ನಾನು ಎದ್ದು ನಿಂತು, “ಯನ್ನಿಂದ ತಪ್ಪಾತು” ಎಂದೆ.

“ಹೂಂ” ಎಂದಳು. ಬಾಗಿಲಿಗೆ ಬಂದ ಪರಿಚಯವಿಲ್ಲದವರಿಗೆ ಹೇಳುವ ಹೂಂ. ಆಮೇಲೆ ಕೂತು ಸೌತೆಕಾಯಿ ಹೆಚ್ಚತೊಡಗಿದಳು.